ತಿದ್ದುಪಡಿ ಮೇಡಂ

ಮೇಡಮ್ಮಿನ ಶ್ರದ್ಧಾಂಜಲಿ ಸಭೆಯಲ್ಲಿ, ಹೂವಿನ ರಾಶಿಯ ಪಕ್ಕದಲ್ಲಿ ಮೈಕಿನ ಎತ್ತರ ಸರಿಮಾಡುತ್ತಿದ್ದ ಅವರ ಶಿಷ್ಯೆಯನ್ನು ಸಂಶೋಧನಾ ಸಂಸ್ಥೆಯ ನಿರ್ದೇಶಕರು ಕಣ್ಣಲ್ಲೇ ಪಕ್ಕಕ್ಕೆ ಕರೆದರು.

“ಮೇಡಂ ಲೇಖನಾನ ಎಷ್ಟು ಜನ ಉಲ್ಲೇಖಿಸಿದ್ದಾರೆ, ಇವತ್ತಿನ ಲೆಕ್ಕ ನೋಡಮ್ಮ. ಭಾಷಣದಲ್ಲಿ ಹಳೇ ಅಂಕಿ ಹೇಳಿದ್ರೆ ಚೆನ್ನಾಗಿರಲ್ಲ.”

ಅವಳು ಫೋನು ತೆಗೆದು ನೋಡಿದಳು. “ಎರಡು ಸಾವಿರ ದಾಟಿದೆ ಸರ್. ಅವರು ತೀರಿಕೊಂಡ ಮೇಲೂ ಏರಿದೆ.”

“ನೋಡು, ಮನುಷ್ಯ ಹೋದ್ರೂ ಸೈಟೇಶನ್ ಹೋಗಲ್ಲ.” ಆ ಮಾತು ಅವರಿಗೇ ಹಿಡಿಸಿತು. ಭಾಷಣದ ಅಂಚಿನಲ್ಲಿ ಬರೆದುಕೊಂಡರು.

“ಆದ್ರೆ ಸರ್, ಅದು ಆ ಲಿವರ್ ಲೇಖನ. ತಪ್ಪು ಅಂತ ಮೇಡಮ್ಮೇ...”

“ಸಾವಿನ ಮನೇಲಿ ವಿಜ್ಞಾನ ಬೇಡಮ್ಮ.” ಪೆನ್ನು ಜೇಬಿಗಿಟ್ಟರು. “ಅಂದ ಹಾಗೆ, ನಿನ್ನ ನೇಮಕದ ಕಾಗದ ನನ್ನ ಮೇಜಿನ ಮೇಲಿದೆ. ಸೋಮವಾರ ಬಾ, ಸಹಿ ಹಾಕ್ತೀನಿ.”

‘ಅಂದ ಹಾಗೆ’ ಎಂದು ಶುರುವಾಗುವ ಮಾತೇ ಅವರ ನಿಜವಾದ ಮಾತು ಎಂಬುದು ಸಂಸ್ಥೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕುರ್ಚಿಗಳು ತುಂಬುತ್ತಿದ್ದವು. ಹಿಂದಿನ ಸಾಲಿನಲ್ಲಿ ಪಕ್ಕದ ಮನೆಯಾಕೆ ಪ್ರಯೋಗಾಲಯದವನೊಬ್ಬನ ಕಡೆ ಬಾಗಿದಳು.

“ದೊಡ್ಡ ವಿಜ್ಞಾನಿ ಅಂತಾರಲ್ಲ, ಏನು ಕಂಡುಹಿಡಿದ್ರು?”

“ಒಂದು ತಪ್ಪು.”

“ಯಾರದು?”

“ಅವರದ್ದೇ.”

“ಅಷ್ಟು ಓದಿ, ಅದನ್ನಾ?”

*

ತಪ್ಪೇನೂ ದೊಡ್ಡದಲ್ಲ, ಅಂಗೈಯಗಲದ ತಟ್ಟೆಯಷ್ಟು. ಆಗ ಮೇಡಂ, ಇನ್ನೂ ನಿರ್ದೇಶಕರಾಗಿರದ ನಿರ್ದೇಶಕರು, ಇಬ್ಬರೂ ಒಂದೇ ಮೇಜು ಹಂಚಿಕೊಂಡಿದ್ದ ಕಿರಿಯರು. ಲಿವರಿನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವುಗಳಲ್ಲಿ ಒಂದು ಜೀನ್ ಹೇಗೆ ಸುಮ್ಮನಾಗುತ್ತದೆ ಎಂದು ಬರೆದರು. ಲೇಖನಕ್ಕೆ ಹೆಸರು ಬಂತು. ಅದನ್ನೇ ಮೆಟ್ಟಿಲು ಮಾಡಿಕೊಂಡು ಅವರು ನಿರ್ದೇಶಕರ ಕುರ್ಚಿಯವರೆಗೆ ಹತ್ತಿದರು. ಮೇಡಂ ಮೇಜಿನಲ್ಲೇ ಉಳಿದರು.

ಎಷ್ಟೋ ವರ್ಷಗಳ ಮೇಲೆ, ಕೋಶ ಯಾವುದೆಂದು ಗುರುತಿಸುವ ಹೊಸ ಪರೀಕ್ಷೆಯೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಮೇಡಂ ಫ್ರೀಜರಿನಿಂದ ಆ ಹಳೆಯ ಕೋಶಗಳನ್ನೇ ತೆಗೆದರು. ನೋಡಿದರೆ ಅವು ಲಿವರಿನವೇ ಅಲ್ಲ. ಪಕ್ಕದ ತಟ್ಟೆಯ, ಬೇಗ ಬೆಳೆಯುವ ಬೇರೆ ಯಾವುದೋ ಕೋಶ ಎಂದೋ ಒಂದು ಹನಿಯಲ್ಲಿ ಬಂದು ಬಿದ್ದು, ಕಳೆ ಬೆಳೆಯನ್ನು ನುಂಗಿದ ಹಾಗೆ ಎಲ್ಲವನ್ನೂ ನುಂಗಿತ್ತು.

ಮೊದಲ ಲೇಖನ ತಪ್ಪೆಂದು ಎರಡನೆಯದನ್ನು ಬರೆದು ನಿರ್ದೇಶಕರ ಮುಂದಿಟ್ಟರು.

“ಸತ್ತ ಹಾವನ್ನ ಯಾಕೆ ಹೊಡೀತೀಯ?” ಎಂದು ಅವರು ಅದಕ್ಕೆ ತಮ್ಮ ಹೆಸರು ಸೇರಿಸಲು ಒಪ್ಪಲಿಲ್ಲ.

“ಸತ್ತಿಲ್ವಲ್ಲ, ಓಡಾಡ್ತಿದೆ.”

ಎರಡನೆಯದನ್ನು ಉಲ್ಲೇಖಿಸಿದವರು ಬೆರಳೆಣಿಕೆಯಷ್ಟು. ಆ ಬೆರಳುಗಳಲ್ಲೂ ಹೆಚ್ಚಿನವು ಮೇಡಮ್ಮಿನವೇ. ಮೊದಲನೆಯದು ಓಡುತ್ತಲೇ ಇತ್ತು. ಅದನ್ನು ಯಾರಾದರೂ ಉಲ್ಲೇಖಿಸಿದೊಡನೆ ತಮ್ಮ ಫೋನು ಟಿಂಗ್ ಎನ್ನುವಂತೆ ಮೇಡಂ ಮಾಡಿಕೊಂಡರು. ಟಿಂಗ್ ಎಂದರೆ ಸೌಟು ಒಲೆಯ ಮೇಲೆ, ಪೊರಕೆ ಮೂಲೆಗೆ. ಮೇಲ್ ಹೋಗಬೇಕು: ‘ನೀವು ಉಲ್ಲೇಖಿಸಿರುವ ಲೇಖನ ತಪ್ಪು. ದಯವಿಟ್ಟು ಇದನ್ನು ಓದಿ.’ ಪ್ರತಿ ಸಲವೂ ಒಂದು ಪ್ರತಿ ನಿರ್ದೇಶಕರಿಗೆ. “ಲೇಖನದಲ್ಲಿ ಹೆಸರಿರೋರಿಗೆ ತಿಳಿಸದೆ ಇರೋಕಾಗುತ್ತಾ?” ಎನ್ನುತ್ತಿದ್ದರು. ನಿರ್ದೇಶಕರಿಂದ ಉತ್ತರ ಬಂದದ್ದಿಲ್ಲ. ಹುಡುಗರು ‘ತಿದ್ದುಪಡಿ ಮೇಡಂ’ ಎಂದು ಹೆಸರಿಟ್ಟರು.

ಮೇಡಮ್ಮಿನ ಗಂಡ ಲಿಫ್ಟ್ ಮೆಕ್ಯಾನಿಕ್. “ನಮ್ಮಲ್ಲಿ ತಪ್ಪಾದ್ರೆ ಜನ ಮಧ್ಯದಲ್ಲೇ ಸಿಕ್ಕಿಹಾಕ್ಕೋತಾರೆ. ನಿಮ್ಮಲ್ಲಿ ಮೇಲಕ್ಕೇ ಹೋಗ್ತಾರಲ್ಲೇ,” ಎಂದು ಛೇಡಿಸುತ್ತಿದ್ದರು.

ಆಸ್ಪತ್ರೆಯಲ್ಲೂ ಒಮ್ಮೆ ಟಿಂಗ್ ಎಂದಿತು. ಬೆರಳಿಗೆ ಬಲವಿರಲಿಲ್ಲ. ಮೇಡಂ ಹೇಳುತ್ತ ಹೋದರು, ಶಿಷ್ಯೆ ಟೈಪು ಮಾಡಿದಳು.

“ನಾನು ಹೋದ್ಮೇಲೆ ಇದನ್ನ ಯಾರು ಮಾಡ್ತೀರೇ?”

ಶಿಷ್ಯೆ ಹೊದಿಕೆ ಸರಿಮಾಡಿದ್ದಳು.

*

“ಎರಡು ಸಾವಿರಕ್ಕೂ ಹೆಚ್ಚು ಲೇಖನಗಳು,” ಎನ್ನುತ್ತಿದ್ದರು ನಿರ್ದೇಶಕರು, “ನಮ್ಮ ಆ ಒಂದು ಲೇಖನ ತೋರಿದ ದಾರಿಯಲ್ಲಿ...”

ಟಿಂಗ್.

ಮುಂದಿನ ಸಾಲಿನಲ್ಲಿ, ಮೇಡಮ್ಮಿನ ಗಂಡನ ಅಂಗಿಯ ಜೇಬಿನಿಂದ. ಹಿಂದೆ ಪ್ರಯೋಗಾಲಯದವರೆಲ್ಲ ಒಟ್ಟಿಗೆ ನೆಟ್ಟಗೆ ಕೂತರು.

“ಆಫ್ ಮಾಡೋಕೆ ಮನಸ್ಸಾಗ್ಲಿಲ್ಲ,” ಎಂದು ಅವರು ಯಾರಿಗೋ ಎಂಬಂತೆ ಹೇಳಿ, ಹೆಂಡತಿಯ ಫೋನನ್ನು ಪಕ್ಕದಲ್ಲಿದ್ದ ಶಿಷ್ಯೆಯ ಕೈಗಿತ್ತರು. “ಏನು ಮಾಡ್ಬೇಕು ಗೊತ್ತಲ್ಲ?”

“ಗೊತ್ತು ಅಂಕಲ್.”

“ಕೆಳಗೆ ಅವಳ ಹೆಸರು ಹಾಕ್ಬೇಡಮ್ಮ. ಸತ್ತೋರು ಮೇಲ್ ಕಳಿಸಿದ್ರೆ ಪಾಪ, ಗಾಬರಿಯಾಗ್ತಾರೆ.”

ನಿರ್ದೇಶಕರ ದನಿ ತುಸು ಏರಿತು. ಕಣ್ಣು ಅವಳ ಮೇಲಿತ್ತು. ಸೋಮವಾರ ಬಾ ಎಂದ ಕಣ್ಣೇ ಅದು. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಗಂಡ ಅವಳನ್ನು ನೋಡಲಿಲ್ಲ, ಹೂಗಳನ್ನು ನೋಡುತ್ತಿದ್ದರು.

ಅವಳು ಹಳೆಯ ಮೇಲ್ ಒಂದನ್ನು ತೆರೆದಳು. ತಲುಪಬೇಕಾದವರ ಊರು, ಹೆಸರು ಬದಲಿಸಿದಳು. ಕೆಳಗೆ ತನ್ನ ಹೆಸರು ಹಾಕಿದಳು. ಪ್ರತಿ ಯಾರಿಗೆ ಎಂಬಲ್ಲಿ ನಿರ್ದೇಶಕರ ವಿಳಾಸ ಹಾಗೇ ಕೂತಿತ್ತು. ಅಳಿಸಲು ಒಂದು ಬೆರಳು ಸಾಕಿತ್ತು. ಬೆರಳು ಅಲ್ಲಿಗೆ ಹೋಯಿತು ಕೂಡ. ನಿಂತು, ಕೆಳಗಿಳಿದು, ‘ಕಳಿಸು’ ಎಂಬುದನ್ನು ಒತ್ತಿತು.

“ಮನುಷ್ಯ ಹೋದರೂ...” ಎಂದು ನಿರ್ದೇಶಕರು ಅಂಚಿನ ಮಾತಿಗೆ ಬರುವಷ್ಟರಲ್ಲಿ ಅವರ ಕೋಟಿನ ಒಳಜೇಬು ಗುಂಯ್‌ಗುಟ್ಟಿತು. ಮೈಕು ತೀರ ಹತ್ತಿರವಿತ್ತು. ನಾಲ್ಕು ಮೂಲೆಗೂ ಕೇಳಿಸಿತು. ಅವರು ಮಾತು ನಿಲ್ಲಿಸಿ, ಅಂಗೈಯನ್ನು ಎದೆಯ ಮೇಲೆ ಬಲವಾಗಿ ಒತ್ತಿ ಹಿಡಿದು ನಿಂತರು.

ಹಿಂದಿನ ಸಾಲಿನಲ್ಲಿ ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪಾಪ,” ಎಂದಳು, “ಎಷ್ಟು ಹಚ್ಚಿಕೊಂಡಿದ್ರೋ.”