ಚಿಲಕಕ್ಕೆ ಎಟುಕದ ಕೈ

ಅಜ್ಜಿಯ ಬಲಗೈಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿ, ಅವಳು ದೃಶ್ಯವನ್ನು ಮತ್ತೆ ಓಡಿಸಿ ನೋಡಿದಳು. ಕಂಪ್ಯೂಟರ್ ಪರದೆಯ ಮೇಲೆ ಅಜ್ಜಿ ಕುರ್ಚಿಯಿಂದ ಎದ್ದಳು, ಸೊಂಟ ಹಿಡಿದು ಒಂದು ಗಳಿಗೆ ನಿಂತಳು, ಬಾಗಿಲ ತನಕ ನಡೆದಳು, ಚಿಲಕಕ್ಕೆ ಕೈ ಚಾಚಿದಳು. ಕೈ ಚಿಲಕದ ಪಕ್ಕದ ಗೋಡೆಯೊಳಗೆ ಮೊಣಕೈವರೆಗೂ ಹೊಕ್ಕಿತು.

ಗಂಟೆ ಮೂರೂ ಹತ್ತು. ನಾಲ್ಕಕ್ಕೆ ಕಂಪನಿಯ ದೊಡ್ಡವರು ನೋಡಲು ಬರುತ್ತಾರೆ. ಅಷ್ಟರೊಳಗೆ ಸರಿಹೋಗದಿದ್ದರೆ ಈ ದೃಶ್ಯವನ್ನೇ ಕಂಪ್ಯೂಟರ್ ಆಟದಿಂದ ಕಿತ್ತುಹಾಕುವುದೆಂದು ಬೆಳಿಗ್ಗೆ ತೀರ್ಮಾನವಾಗಿತ್ತು. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಯಾರನ್ನೂ ಕೇಳದೆ ಮನೆಯಿಂದ ಹೊರಡುವುದು, ಅಷ್ಟೇ ದೃಶ್ಯ. ಈ ಅಜ್ಜಿಗೆ ನಡೆಯಲು ಕಲಿಸುವುದರಲ್ಲೇ ಐದು ತಿಂಗಳು ಕಳೆದಿತ್ತು. ಮಂಡಿನೋವಿದ್ದವರು ಮೊದಲು ಯಾವ ಕಾಲೆತ್ತುತ್ತಾರೆಂದು ತಿಳಿಯಲು ಮನೆಯಲ್ಲಿ ತನ್ನ ಅತ್ತೆಯ ಹಿಂದೆಯೇ ಅಡುಗೆಮನೆಯಿಂದ ಬಚ್ಚಲವರೆಗೆ ಸುಳಿದಾಡಿ, "ಏನಮ್ಮಾ, ನಾನು ಬೀಳೋದನ್ನೇ ಕಾಯ್ತಿದ್ದೀಯಾ?" ಎಂದು ಅನ್ನಿಸಿಕೊಂಡಿದ್ದೂ ಆಗಿತ್ತು.

ಬೆಳಿಗ್ಗೆ ಬೇರೆಯದೇ ಕಾಟ. ಏಳುವುದು, ನಡೆಯುವುದು, ಕೈ ಚಾಚುವುದು ಮೂರೂ ಬೇರೆ ಬೇರೆ ತುಣುಕು. ಒಂದು ಮುಗಿದ ಜಾಗದಿಂದಲೇ ಇನ್ನೊಂದು ಹೊರಡಬೇಕು. ಆದರೆ ಮೂರನೆಯದು ಶುರುವಾದ ಕೂಡಲೇ ಅಜ್ಜಿ ಬಾಗಿಲಿಂದ ಹಾರಿ ಕುರ್ಚಿಗೇ ವಾಪಸು. ಅದನ್ನು ಹೊಲಿದು ಜೋಡಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಈಗ ನೋಡಿದರೆ ಇದು. ಕೈ ಸರಿಪಡಿಸಿದರೆ ಕಾಲು ಜಾರುತ್ತದೆ, ಕಾಲು ಹಿಡಿದರೆ ಸೊಂಟ ತಿರುಚುತ್ತದೆ.

ತಂಡದ ಮುಖ್ಯಸ್ಥ ಬಂದು ಕುರ್ಚಿಯ ಹಿಂದೆ ನಿಂತ. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು.

"ಏನಕ್ಕಾ, ನಿಮ್ಮಜ್ಜಿ ಇನ್ನೂ ಗೋಡೆ ತೂತು ಮಾಡ್ತಾನೇ ಇದ್ದಾಳಾ?"

"ನಿನ್ನೆ ಮಧ್ಯಾಹ್ನ ಕೈ ಚಿಲಕಕ್ಕೆ ಸರಿಯಾಗಿ ಸಿಗ್ತಿತ್ತು ಕಣಪ್ಪಾ. ಮನೆಯೇ ಏನೋ ಅಲ್ಲಾಡಿದ ಹಾಗಿದೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!"

ಪಕ್ಕದ ಸಾಲಿನವರೂ ನಕ್ಕರು. "ತಮಾಷೆಗಂದೆ, ಬೇಜಾರು ಮಾಡ್ಕೋಬೇಡಿ. ಹೇಗಾದ್ರೂ ಅಡ್ಜಸ್ಟ್ ಮಾಡಿ ಅಕ್ಕಾ. ನಿಮ್ಮಷ್ಟು ತಾಳ್ಮೆ ಇಲ್ಲಿ ಇನ್ಯಾರಿಗಿದೆ?"

ಅವಳ ಕಿವಿ ಬಿಸಿಯಾಯಿತು. ಅವನು ಅತ್ತ ಹೋದ ಮೇಲೆ ಅಜ್ಜಿಯನ್ನು ಬಿಟ್ಟು ಪರದೆಯಲ್ಲಿದ್ದ ಮನೆಯ ಮೇಲೆ ಮೌಸ್ ಒತ್ತಿದಳು. ಮನೆ ಎಲ್ಲಿ ನಿಂತಿದೆ ಎಂಬುದರ ಅಂಕಿಗಳು ಪಕ್ಕದಲ್ಲಿ ತೆರೆದುಕೊಂಡವು. ಕೆಲಸ ಶುರುಮಾಡಿದ ದಿನ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದನ್ನು ಹುಡುಕಿ ತಾಳೆ ನೋಡಿದಳು. ಮನೆ ಒಂದು ಗೇಣು ಎಡಕ್ಕೆ ಸರಿದಿತ್ತು. ಯಾರು ಯಾವಾಗ ಏನು ಬದಲಿಸಿದರೆಂಬ ಪಟ್ಟಿ ತೆಗೆದಳು. ನಿನ್ನೆ ಸಂಜೆ ಆರೂ ಐದಕ್ಕೆ, ಮುಖ್ಯಸ್ಥನ ಹೆಸರು.

ಅಜ್ಜಿಯ ದೃಶ್ಯಕ್ಕೆ ಮುಂಚಿನ ದೃಶ್ಯ ಅವನದೇ ಕೆಲಸ. ಕಾವಲುಗಾರನೊಬ್ಬ ಬಂದು ಇದೇ ಮನೆಯ ಬಾಗಿಲು ಬಡಿಯುತ್ತಾನೆ. ಆ ಕಾವಲುಗಾರನೂ ಹೊಸ್ತಿಲಿಗೆ ನೇರವಾಗಿ ನಿಲ್ಲದೆ ಸತಾಯಿಸಿರಬೇಕು. ಅವನನ್ನು ಸರಿಸಿ ಸರಿಸಿ ಸಾಕಾಗಿ, ಮುಖ್ಯಸ್ಥ ಮನೆಯನ್ನೇ ಎಳೆದು ಅವನ ಕಾಲ ಬುಡಕ್ಕೆ ತಂದುಬಿಟ್ಟಿದ್ದ.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. 'ಅಯ್ಯೋ ಹೌದಾ ಅಕ್ಕಾ? ಇವತ್ತೊಂದಿನ ನಿಮ್ಮದನ್ನೇ ಹೊಂದಿಸ್ಬಿಡಿ.' ಈ ಹಿಂದೆ ಎರಡು ಸಲ ಹೊಂದಿಸಿಕೊಟ್ಟಿದ್ದಳು.

ಮೂರೂ ಮೂವತ್ತೆಂಟು. ಮನೆಯನ್ನು ಹಳೆಯ ಜಾಗಕ್ಕೆ ಕೂರಿಸಿದಳು. ಮಧ್ಯಾಹ್ನದಿಂದ ಕೈಗೂ ಕಾಲಿಗೂ ಹಾಕಿದ್ದ ತೇಪೆಗಳನ್ನೆಲ್ಲ ಅಳಿಸಿ, ದೃಶ್ಯ ಓಡಿಸಿದಳು. ಅಜ್ಜಿ ಎದ್ದಳು, ನಡೆದಳು, ಬೆರಳುಗಳು ಚಿಲಕವನ್ನು ಸುತ್ತಿ ಹಿಡಿದವು. ಬಾಗಿಲು ತೆರೆಯಿತು. ಹಿಂತಿರುಗಿ ನೋಡದೆ ಹೋದಳು.

ಆಮೇಲೆ ಮುಂಚಿನ ದೃಶ್ಯವನ್ನೂ ಓಡಿಸಿದಳು. ಕಾವಲುಗಾರ ಬಾಗಿಲು ಬಿಟ್ಟು ಪಕ್ಕದ ಗೋಡೆಯನ್ನು ಬಡಿಯುತ್ತಿದ್ದ. ಅವನನ್ನು ಸರಿಸುವುದು ಐದು ನಿಮಿಷದ ಕೆಲಸ. ಅಭ್ಯಾಸಬಲದಿಂದ ಕೈ ತಾನಾಗಿಯೇ ಮೌಸಿನ ಮೇಲೆ ಹೋಗಿ ಅವನನ್ನು ಆರಿಸಿಯೂ ಆಗಿತ್ತು.

"ಆಯ್ತಾ ಅಕ್ಕಾ?" ಮುಖ್ಯಸ್ಥ ಕೋಣೆಯ ಆ ತುದಿಯಿಂದಲೇ ಕೂಗಿದ.

"ನನ್ನದು ಆಯ್ತು."

"ನೋಡಿ, ನಾನು ಹೇಳ್ಲಿಲ್ವಾ? ಮನಸ್ಸು ಮಾಡಿದ್ರೆ ಆಗುತ್ತೆ. ಸುಮ್ನೆ ಮನೆ ಮೇಲೆ ತಪ್ಪು ಹೊರಿಸ್ತಿದ್ರಿ!"

ಮನೆ ಸರಿಸಿದವರ ಪಟ್ಟಿಯಲ್ಲಿ ಈಗ ತನ್ನ ಹೆಸರೂ ಬಿದ್ದಿದೆ; ನಾಲ್ಕಕ್ಕೆ ಕಾವಲುಗಾರ ಗೋಡೆ ಬಡಿಯುವುದನ್ನು ಕಂಡ ಮೇಲೆ ಎಲ್ಲರೂ ಅದನ್ನು ತೆರೆದು ನೋಡಿಯೇ ನೋಡುತ್ತಾರೆ. ನೋಡಲಿ, ಅದರ ಮೇಲಿನ ಸಾಲಿನಲ್ಲಿರುವ ಮುಖ್ಯಸ್ಥನ ಹೆಸರನ್ನೂ ಓದಲಿ. ಅವಳು ಕಾವಲುಗಾರನನ್ನು ಅವನಿದ್ದಲ್ಲೇ ಬಿಟ್ಟು, ಫೈಲು ಸೇವ್ ಮಾಡಿ, ಬಾಟಲಿಯ ಮುಚ್ಚಳ ತಿರುಗಿಸಿ ನಿಧಾನವಾಗಿ ನೀರು ಕುಡಿದಳು.