ಸೆರಗಿನ ಕೆಳಗಿನ ಬೆರಳು

ಹಣೆಯಿಂದ ಮತ್ತೆ ಒಂದು ಹನಿ ಇಳಿಯುತ್ತಿದೆ, ತಲೆಗೆ ಕಟ್ಟಿದ ಉಪ್ಪುನೀರಿನ ಸ್ಪಂಜಿನದು, ಹುಬ್ಬಿನ ತುದಿಯಲ್ಲಿ ನಿಂತಿದೆ, ಒರೆಸಿಕೊಳ್ಳುವಂತಿಲ್ಲ, ಅಲುಗಾಡಬ್ಯಾಡ್ರಿ ಎಂಕಮ್ಮಾ ವೈರು ಸರೀತಾವ ಅನ್ನುತ್ತಾಳೆ ಡಾಕ್ಟರಮ್ಮ ಐಶ್ವರ್ಯ, ನನ್ನ ಮಗಳ ವಯಸ್ಸು, ಮೆತ್ತನೆ ಮಾತು, ಇಂಥವಳಿಗೇ ನಾನು ಮೋಸ ಮಾಡುತ್ತಿದ್ದೇನೆ — ತಲೆಯ ಮೇಲೆ ಚುರುಚುರು, ಇರುವೆ ಹರಿದ ಹಾಗೆ, ಆಮೇಲೆ ಅದೂ ಇಲ್ಲ, ಹತ್ತು ದಿನದಿಂದ ಹೀಗೇ, ಗದ್ವಾಲಿನಿಂದ ಬೆಳಗಿನ ಬಸ್ಸು, ಮಕ್ತಲಿನಲ್ಲಿ ಇಳಿದು ಇನ್ನೊಂದು, ನಾರಾಯಣಪೇಟೆಯ ಈ ಕೋಣೆ, ಇಪ್ಪತ್ತು ನಿಮಿಷ ತಲೆಗೆ ಕರೆಂಟು. ಹೆದರಬ್ಯಾಡ್ರಿ, ಸೂಜಿ ಇಲ್ಲ, ಕೊಯ್ಯೂದಿಲ್ಲ, ಸಣ್ಣ ಬ್ಯಾಟ್ರಿಯಷ್ಟ ಕರೆಂಟ್ ಐತಿ, ಲೆಕ್ಕ ಹಿಡಿಯೋ ಜಾಗಾ ಎಬ್ಬಸಾಕ ನೋಡ್ತೀವಿ, ಎಲ್ಲಾರಿಗೂ ಗುಣ ಆಗ್ತೈತಿ ಅಂತ ಹೇಳಾಕ ಬರೂದಿಲ್ಲ, ಮೊದಲ ದಿನವೇ ಅಂದಿದ್ದಳು. ಎದ್ದಿದೆಯೋ ಮಲಗಿದೆಯೋ ನನಗೇನು ಗೊತ್ತು, ತಿಳಿಯುವ ದಾರಿಗೆ ನಾನೇ ಮುಳ್ಳು ಬಡಿದಿದ್ದೇನೆ — ಶ್ರಾವಣದಲ್ಲಿ ಸಣ್ಣ ಲಕ್ವ ಹೊಡೆಯಿತು, ಕೈಕಾಲು ಹದಿನೈದು ದಿನಕ್ಕೆ ಮರಳಿದವು, ಲೆಕ್ಕ ಮರಳಲಿಲ್ಲ, ಮಗ್ಗಕ್ಕೆ ಕೂತರೆ ಆರು ಎಳೆ ಹಾಕಿದೆನೋ ಏಳೋ, ಅಂಚಿನ ಹಂಸದ ಕುತ್ತಿಗೆಗೆ ಒಂಬತ್ತು ಎಳೆ, ಒಂಬತ್ತಾದ ಮೇಲೆ ಜರಿ ಎತ್ತಿ ಕಣ್ಣು, ಮೂವತ್ತು ವರ್ಷ ನಿದ್ದೆಗಣ್ಣಲ್ಲೂ ತಪ್ಪದ್ದು ಅವತ್ತು ತಪ್ಪಿತು, ಹಂಸ ಕುತ್ತಿಗೆ ಎತ್ತಿ ನಿಂತಿದೆ, ಕಣ್ಣಿಲ್ಲ. ನೂಲು ಸರಿಯಿಲ್ಲ ಅಂದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಗಂಡ ಬೈಯಲಿಲ್ಲ, ಏಂ ಕಾದು, ಏನೂ ಆಗೂದಿಲ್ಲ, ಬಿಚ್ಚೂಣು ತಗೋ ಅಂದರು, ಬೈದಿದ್ದರೆ ಚೆನ್ನಾಗಿತ್ತು.

ನಾ ಹೇಳಿದ ಅಂಕಿ ಹಿಂದಿಂದ ಮುಂದಕ ಹೇಳ್ರಿ, ಅದು ದಿನದಿನದ ಪರೀಕ್ಷೆ, ಮೊದಲ ದಿನ ಮೂರಕ್ಕೇ ತಡವರಿಸಿದೆ, ನಾಚಿಕೆಯಾಯಿತು, ಎರಡನೇ ದಿನ ಕೈ ತಾನೇ ಸೆರಗಿನ ಕೆಳಗೆ ಹೋಯಿತು — ಹೆಬ್ಬೆರಳು ಬಿಟ್ಟು ಒಂದೊಂದು ಬೆರಳಿಗೆ ಒಂದೊಂದು ಅಂಕಿ, ನಾಲ್ಕು ಮುಗಿದರೆ ಇನ್ನೊಂದು ಕೈ, ಬೆರಳಿಗೆ ಮೂರು ಗೆಣ್ಣು, ಗೆಣ್ಣಿಗೆ ಮೂರು ಮಗ್ಗಲು, ಒಂಬತ್ತರವರೆಗೂ ಜಾಗವಿದೆ, ಹೆಬ್ಬೆರಳ ಉಗುರು ಒತ್ತಿದರೆ ಗುರುತು ನಿಲ್ಲುತ್ತದೆ, ಆಮೇಲೆ ಸವರಿ ಓದಿಕೊಂಡರಾಯಿತು, ಮಾವ ಬಣ್ಣದ ನೂಲಿನ ಕಟ್ಟುಗಳ ಲೆಕ್ಕ ಇಟ್ಟುಕೊಳ್ಳಲು ಕಲಿಸಿದ್ದು. ಮೂರು ನಾಲ್ಕಾಯಿತು, ನಾಲ್ಕು ಐದಾಯಿತು, ಭಾಳ ಚಲೋ ಎಂಕಮ್ಮಾ ಅಂತ ಡಾಕ್ಟರಮ್ಮ ಬರೆದುಕೊಂಡಳು, ಹೊಗಳಿಕೆ ರುಚಿ ಹತ್ತಿತು, ಬಾಯಿ ಬಿಡಲಿಲ್ಲ. ಮಗ್ಗದಲ್ಲಿ ಒಂದು ಕೈ ಲಾಳಿಗೆ, ಒಂದು ಕೈ ಬಡಿಯುವ ಹಲಗೆಗೆ, ಗೆಣ್ಣು ಒತ್ತಲು ಮೂರನೇ ಕೈ ಎಲ್ಲಿಂದ ತರಲಿ — ಹೊರಗೆ ಇವರ ದನಿ, ನಮ್ಮಾಕಿ ಐದ್ ಅಂಕಿ ಹಿಂದಿಂದ ಹೇಳ್ತಾಳ್ರಿ, ಬಾಗಿಲು ಕಾಯುವವನಿಗೂ ಹೇಳಿಯಾಯಿತು, ನಿನ್ನೆ ಮಗ್ಗಕ್ಕೆ ಹಾಸು ಕೂಡ ಹೂಡಿದ್ದಾರೆ, ಮಗಳ ಮದುವೆಗೆ, ಹರಿತಾಳದ ಹಳದಿಯ ಧಾರೆ ಸೀರೆ, ಅವ್ವಾ ನೀ ನೇಯ್ದದ್ದ ಉಡ್ತೀನಿ, ಇಲ್ಲಾಂದ್ರ ಹತ್ತಿ ಸೀರಿ ಸಾಕು ಅಂದಿದ್ದಾಳೆ ಮಗಳು, ಹಟದಲ್ಲಿ ನನ್ನನ್ನೇ ಹೋಲುತ್ತಾಳೆ, ಅವಳ ಸೀರೆಯ ಅಂಚಿನಲ್ಲಿ ಆ ಹಂಸ ಕುತ್ತಿಗೆ ಎತ್ತಿ ನಿಂತರೆ, ಕಣ್ಣಿಲ್ಲದೆ, ಹತ್ತು ಮಂದಿಯ ಮುಂದೆ — ಆತ್ರಿ, ಇವತ್ತಿಗೆ ಮುಗೀತು, ಸ್ಪಂಜು ತೆಗೆಯುತ್ತಿದ್ದಾಳೆ, ಇದೊಂದು ಕಡೀ ಪರೀಕ್ಷೆ, ಇದರಾಗ ಪಾಸಾದ್ರ ಮಗ್ಗಕ್ಕ ಕೂಡ್ರಿ ಅಂತ ಬರದುಕೊಡ್ತೀನಿ. ಸುಮ್ಮನೆ ಒತ್ತಿಬಿಡು ಎಂಕಮ್ಮ, ಯಾರು ನೋಡುತ್ತಾರೆ, ಹಂಸ ನೋಡುತ್ತದೇನು, ಅದಕ್ಕೆ ಕಣ್ಣೇ ಇಲ್ಲ — ಕೈ ಎರಡೂ ಸೆರಗಿನಿಂದ ಹೊರಗೆ ತೆಗೆದೆ, ಮೇಜಿನ ಮೇಲೆ ಇಟ್ಟೆ, ಅಂಗೈ ಮೇಲಕ್ಕೆ ಮಾಡಿ, ಬೆರಳು ಬಿಡಿಸಿ. ಯಾಕ್ರಿ ಎಂಕಮ್ಮಾ, ಕೈ ನೋಯ್ತಾವೇನ್ರಿ. ಇಲ್ಲವ್ವಾ, ಹೇಳು. ಏಳು, ಎರಡು, ಒಂಬತ್ತು, ನಾಲ್ಕು, ಆರು. ಬೆರಳು ತುಡಿಯುತ್ತಿವೆ, ತುಡಿಯಲಿ, ಆರು, ಸರಿ, ನಾಲ್ಕು, ಬಂತು, ಒಂಬತ್ತು — ಒಂಬತ್ತಾದ ಮೇಲೆ, ಬಾಗಿಲಲ್ಲಿ ಇವರು ನಿಂತಿದ್ದಾರೆ, ನಗುತ್ತಿದ್ದಾರೆ, ಒಂಬತ್ತಾದ ಮೇಲೆ, ಒಂಬತ್ತು, ಹಂಸ ಕುತ್ತಿಗೆ ಎತ್ತಿದೆ, ಒಂಬತ್ತಾದ ಮೇಲೆ, ಕಣ್ಣಿಲ್ಲ