ಹದಿನಾಲ್ಕನೇ ನಂಬರಿನ ಹೆಂಗಸು

"ಹಂಗಾರ ಭಂಡಾರ ಮುಟ್ರಿ," ಎಂದಳು ಕೃಷ್ಣವ್ವ. ಸೆರಗಿನ ತುದಿಯ ಗಂಟು ಬಿಚ್ಚಿ, ಎಲ್ಲಮ್ಮನ ಗುಡ್ಡದಿಂದ ತಂದಿದ್ದ ಅರಿಸಿನದ ಪುಡಿಯನ್ನು ಅಂಗೈಯಲ್ಲಿ ಒಡ್ಡಿದಳು.

ಅದು ತೊಂಬತ್ತೇಳನೆಯ ಇಸವಿಯ ಶ್ರಾವಣ, ದೊಡವಾಡದ ನಿಜಗುಣಪ್ಪ ಸಾವಕಾರರ ಹತ್ತಿ ಹೊಲ. ಕೂಲಿ ಹೆಂಗಸರ ದುಡಿಮೆಯ ಮೇಲೆ ಸಂಶೋಧನೆ ಮಾಡಲು ಧಾರವಾಡದಿಂದ ಬಂದಿದ್ದ ವಿಜಯ ಮೊದಲು ನಕ್ಕಳು, ಆಮೇಲೆ ಎರಡು ಬೆರಳಿನಿಂದ ಪುಡಿ ಮುಟ್ಟಿದಳು.

"ನಿನ್ನ ಹೆಸರು ಯಾರ ಮುಂದನೂ ಹೇಳೂದಿಲ್ಲವ್ವಾ. ಬರೇ ನಂಬರ್ ಬರೀತೇನಿ. ನೀ ಹದಿನಾಕು."

"ಸಾವಕಾರರು ಕೇಳಿದ್ರೂ?"

"ಯಾರು ಕೇಳಿದ್ರೂ."

ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಶಟ್ಟೆವ್ವ ತಲೆ ಎತ್ತದೆಯೇ ಅಂದಳು: "ಮದಿವ್ಯಾಗ ಗಂಡನ ಕಡೆ ಹಿಂಗ ಆಣಿ ಮಾಡಿಸಿದ್ದಿ ಅಂದ್ರ ಆಂವ ಗೋವಾಕ್ಕ ಓಡಿ ಹೋಗತಿರಲಿಲ್ಲ ನೋಡು."

ಕೃಷ್ಣವ್ವನೂ ನಕ್ಕಳು. ನಕ್ಕು ಹಗುರಾದವಳು ಎಲ್ಲವನ್ನೂ ಹೇಳಿಬಿಟ್ಟಳು. ಒಂಬತ್ತನೇ ವಯಸ್ಸಿಗೆ ಇದೇ ಹೊಲಕ್ಕೆ ಬಂದದ್ದು, ಹಡೆದ ಹನ್ನೊಂದನೇ ದಿನ ಕೂಸನ್ನು ಬದುವಿನ ಜಾಲಿಗೆ ಜೋಳಿಗೆ ಕಟ್ಟಿ ಕಳೆ ತೆಗೆದದ್ದು, ನೀರು ಕುಡಿಯಲು ಎದ್ದದ್ದಕ್ಕೆ ಸಾವಕಾರ ಬಾರುಕೋಲಿನಿಂದ ಬಾರಿಸಿದ್ದು. ವಿಜಯ ಬರೆದುಕೊಂಡಳು. ಒಂದು ತಾಸಿಗೆ ಹದಿನಾಲ್ಕು ನಂಬರು ಎಷ್ಟು ಸಲ ಬಾಗುತ್ತಾಳೆಂದು ಗಡಿಯಾರ ಹಿಡಿದು ಎಣಿಸಿದಳು. ಮೂರು ತಿಂಗಳ ನಂತರ ಹೊರಟಾಗ ಎಲ್ಲರಿಗೂ ಒಂದೊಂದು ಸ್ಟೀಲಿನ ಡಬ್ಬಿ ಕೊಟ್ಟಳು.

ಎಂಟು ವರ್ಷ ಕಳೆದವು. ಅದೇ ಸಾವಕಾರರ ಕಣದಲ್ಲಿ ಗೋವಿನಜೋಳ ಬಿಡಿಸುವ ಮಷೀನು ಕೃಷ್ಣವ್ವನ ಬಲಗೈಯನ್ನು ಎಳೆದುಕೊಂಡಿತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ತೆನೆಯ ಸಿಪ್ಪೆಯ ಜೊತೆ ಆಚೆ ಬಿದ್ದವು. ಸಾವಕಾರ ಅವಳನ್ನು ಟ್ರ್ಯಾಕ್ಟರಿನಲ್ಲಿ ಬೈಲಹೊಂಗಲದ ಆಸ್ಪತ್ರೆಯ ಬಾಗಿಲಿಗೆ ಇಳಿಸಿ ಹಾಗೆಯೇ ತಿರುಗಿದ. ಪರಿಹಾರ ಕೇಳುತ್ತಾಳೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಠಾಣೆಗೆ ಹೋಗಿ ದೂರು ಕೊಟ್ಟ: ಈ ಹೆಂಗಸು ತನ್ನ ಹೊಲದಲ್ಲಿ ಒಂದು ದಿನವೂ ದುಡಿದವಳಲ್ಲ, ಜೋಳ ಕದಿಯಲು ಬಂದು ಮಷೀನಿಗೆ ಸಿಕ್ಕಳು.

"ಕಳ್ಳಿ ತಾನ ಮಷೀನ್ ಚಾಲೂ ಮಾಡಿ ಕದೀತಾಳೇನ್ರಿ?" ಎಂದು ಜಮಾದಾರ ನಕ್ಕನಂತೆ. ನಕ್ಕು, ಕಾಗದ ತೆಗೆದುಕೊಂಡನಂತೆ.

ಜೊತೆಗೆ ದುಡಿದ ಹೆಂಗಸರು ಸಾಕ್ಷಿಗೆ ಬರಲಿಲ್ಲ. "ಕಂಡೇನಿ ಅಂದ್ರ ನಾಳೆ ನನ್ನ ಕೂಲಿಗೆ ಕರಿಯವರು ಯಾರ?" ಎಂದು ಶಟ್ಟೆವ್ವ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಜಮಾದಾರ ಸೋಮವಾರದವರೆಗೆ ಪುರಸತ್ತು ಕೊಟ್ಟ. ಆ ಹೊಲದಲ್ಲಿ ದುಡಿದದ್ದಕ್ಕೆ ಏನಾದರೂ ಬರಹದ ಸಾಕ್ಷಿ ತಂದರೆ ಸರಿ, ಇಲ್ಲದಿದ್ದರೆ ಕಳವಿನ ಕೇಸು.

ಇಡೀ ಬದುಕಿನಲ್ಲಿ ಕೃಷ್ಣವ್ವನ ದುಡಿಮೆಯನ್ನು ಬರೆದು ಪುಸ್ತಕ ಮಾಡಿದವರು ಒಬ್ಬರೇ. ಆಕೆ ಈಗ ಊರಲ್ಲೇ ಇದ್ದಳು. ಕೂಲಿ ಹೆಂಗಸರ ಅಧ್ಯಯನಕ್ಕೆ ಅನುದಾನ ನಿಂತಿತ್ತು, ಮಂಗಗಳಿಗೆ ಬರುತ್ತಿತ್ತು. ವಿಜಯ ಈಗ ಬೆಳೆ ತಿನ್ನುವ ಮುಸುವಗಳ ನಡವಳಿಕೆ ನೋಡಲು ಬಂದು, ನಿಜಗುಣಪ್ಪನ ತೋಟದ ಮನೆಯ ಮೇಲಿನ ಖೋಲಿಯಲ್ಲಿ ಇಳಿದಿದ್ದಳು.

ರವಿವಾರ ಮುಂಜಾನೆ ಹುಣಸೆಮರದ ಕೆಳಗೆ ದುರ್ಬೀನು ಹಿಡಿದು ಕೂತಿದ್ದವಳು, ಕೃಷ್ಣವ್ವನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು. ಕೃಷ್ಣವ್ವ ನಿಂತೇ ಇದ್ದಳು.

"ಅಲ್ಲಿ ಕೊಂಬಿ ಮ್ಯಾಲ ನೋಡು, ಆಕಿ ಮಾಲಿನಿ," ವಿಜಯ ಪಿಸುಗುಟ್ಟಿದಳು. "ಬಾಜೂ ಕುಂತಾಕಿ ಸರೋಜಾ. ಮಾಲಿನಿ ಮರಿ ಸತ್ತು ನಾಕ ದಿನಾ ಆತು. ಇನ್ನೂ ಎದಿಗಿ ಅವಚಿಕೊಂಡ ಅಡ್ಡ್ಯಾಡತಾಳ." ಅವಳ ಕಣ್ಣು ತುಂಬಿ ಬಂದಿತ್ತು.

ಕೃಷ್ಣವ್ವ ಮಂಗನನ್ನು ನೋಡಿದಳು. ನೋಡಬೇಕಾದಷ್ಟು ಹೊತ್ತು ನೋಡಿ, ಬಂದ ಕೆಲಸ ಹೇಳಿದಳು. "ಪುಸ್ತಕದಾಗಿನ ಹದಿನಾಕು ಅಂದ್ರ ಈಕೀನ ಅಂತ ಜಮಾದಾರಗ ಒಂದ ಮಾತು ಹೇಳ್ರಿ ಅಕ್ಕಾರ."

"ಪುಸ್ತಕದಾಗ ಊರ ಹೆಸರಿಲ್ಲ ಕೃಷ್ಣವ್ವ. ಸಾವಕಾರರ ಹೆಸರೂ ಇಲ್ಲ."

"ನಿಮಗ ಗೊತ್ತೈತೆಲ್ರಿ."

"ನಾ ಮಾತು ಕೊಟ್ಟೇನಿ. ನೀನ ಆಣಿ ಮಾಡಿಸಿದ್ದಿ."

"ಮಾಡಿಸಿದಾಕಿ ನಾನ, ಬಿಡಸಾಕಿನೂ ನಾನ." ಕೃಷ್ಣವ್ವ ಸೆರಗಿನ ಗಂಟಿಗೆ ಕೈ ಹಾಕಿದಳು. ಎಡಗೈಗೆ ಗಂಟು ಸಡಿಲಾಗಲಿಲ್ಲ. ಹಲ್ಲು ಹಚ್ಚಿ ಎಳೆದಳು. ಭಂಡಾರ ಮುಖದ ಮೇಲೆ, ಕೈಯ ಬಿಳಿ ಬ್ಯಾಂಡೇಜಿನ ಮೇಲೆ ಉದುರಿತು.

ವಿಜಯ ಮುಖ ತಿರುಗಿಸಿದಳು. "ಹಂಗ ಬಿಡಸಾಕ ಬರೂದಿಲ್ಲ. ಒಬ್ಬಾಕಿ ಹೆಸರು ಹೇಳಿದ್ರ ಉಳದ ಇಪ್ಪತ್ತೊಂಬತ್ತು ಮಂದಿ ನಂಬಿಕಿ ಏನಾಗಬೇಕು? ಸಂಶೋಧನಾಕ್ಕ ಒಂದ ಶಿಸ್ತು ಇರತೈತಿ."

"ಮೇಡಮ್ಮಾರ, ರೊಟ್ಟಿ ಆರಾಕ ಹತ್ಯಾವು," ತೋಟದ ಮನೆಯ ಕಟ್ಟೆಯಿಂದ ನಿಜಗುಣಪ್ಪನ ದನಿ ಬಂತು.

"ಬಂದೇರಿ." ವಿಜಯ ನೋಟ್‌ಬುಕ್ಕು ಮುಚ್ಚಿ ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಧನುರ್ವಾಯು ಇಂಜೆಕ್ಷನ್ ಮಾಡಿಸಿದಿ ಇಲ್ಲೋ?" ಎಂದಳು.

ಸೋಮವಾರ ಜಮಾದಾರ ಬಂದ. ಕಟ್ಟೆಯ ಮೇಲೆ ಅವನಿಗೆ, ಸಾವಕಾರನಿಗೆ, ವಿಜಯಳಿಗೆ ಚಹ ಬಂತು. ಕೃಷ್ಣವ್ವ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಮೇಡಂ, ಮೊದಲ ಇದ ಹೊಲದಾಗ ನಿಮ್ಮ ಅಭ್ಯಾಸ ನಡದಿತ್ತಂತಲ್ರಿ. ಈಕಿ ಇಲ್ಲೆ ದುಡೀತಿದ್ಲ?"

ಸಾವಕಾರ ಬಸಿಯಲ್ಲಿದ್ದ ಚಹಾಕ್ಕೆ ಊದುವುದನ್ನು ನಿಲ್ಲಿಸಿದ.

"ನನ್ನ ಅಭ್ಯಾಸದಾಗ ಯಾರಿದ್ರು, ಯಾರಿಲ್ಲ ಅಂತ ಹೇಳಾಕ ನನಗ ಬರೂದಿಲ್ರಿ," ಎಂದಳು ವಿಜಯ.

"ಓದಿದವರ ಮಾತು ಹಂಗ ಇರತಾವ," ಎಂದು ಸಾವಕಾರ ಸೊರ್ರನೆ ಚಹ ಹೀರಿದ.

ಜಮಾದಾರ ಕಳವಿನ ಕೇಸಿನ ಕಾಗದದ ಮೇಲೆ ಕೃಷ್ಣವ್ವನ ಹೆಸರು, ತಂದೆಯ ಹೆಸರು, ಜಾತಿ, ವಯಸ್ಸು ಒಂದೂ ಬಿಡದೆ ಬರೆದುಕೊಂಡ. ಉಳಿದಿದ್ದ ಎಡಗೈ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ ಒತ್ತಿಸಿಕೊಂಡ. ಕಣದ ಆಚೆ ಮುಸುವಗಳ ಹಿಂಡು ಮರದಿಂದ ಇಳಿದು ಜೋಳದ ರಾಶಿಯ ಸುತ್ತ ಕೂತು ತಿನ್ನತೊಡಗಿತ್ತು. ಗದ್ದಲ ಮಾಡಬೇಡಿರೆಂದು ಮೇಡಂ ಹೇಳಿದ್ದರಿಂದ ಯಾರೂ ಓಡಿಸಲಿಲ್ಲ.

ಎಂಟು ವರ್ಷದ ಹಿಂದೆ ಕೊಟ್ಟ ಮಾತನ್ನು ವಿಜಯ ಉಳಿಸಿಕೊಂಡಳು.